ಬಸ್ಸು ನಿಲ್ಲಿಸಿ, ಸ್ವಲ್ಪ ನಡೆಯೋಣ

ಕೃಷಿ ಪ್ರವಾಸದ ವರದಿಗಳಲ್ಲಿ ಎಷ್ಟು ತೋಟ ನೋಡಿದೆವು, ಎಷ್ಟು ಕಿಲೋಮೀಟರ್ ಓಡಿದೆವು ಎಂಬುದೆಲ್ಲ ಇರುತ್ತದೆ. ದಾರಿಯಲ್ಲಿ ಎಷ್ಟು ಸಲ ಇಳಿದೆವು ಎಂದು ಯಾರೂ ಬರೆಯುವುದಿಲ್ಲ. ಬರೆಯಬೇಕು ಎಂದು ನನಗೀಗ ಅನಿಸುತ್ತಿದೆ.

ಹೋದ ವರ್ಷ ನಮ್ಮೂರಿನವರು ಮಹಾರಾಷ್ಟ್ರದ ಹಿವರೆ ಬಜಾರಿಗೆ ಹೋಗಿದ್ದೆವು, ಅಲ್ಲಿನ ನೀರಿಂಗಿಸುವ ಕೆಲಸ ನೋಡಲಿಕ್ಕೆ. ನೋಡಿದ್ದು ಸಾರ್ಥಕವೇ. ಬರುವಾಗ ಮಾತ್ರ ಎಲ್ಲರಿಗೂ ಆತುರ. ಹಟ್ಟಿಯಲ್ಲಿ ದನ, ಅಂಗಳದಲ್ಲಿ ಅಡಿಕೆ. "ನಿಲ್ಲಿಸದೆ ಬಿಡಿ ಮಾರಾಯ್ರೆ" ಎಂದು ಡ್ರೈವರಿಗೆ ಹೇಳಿದವರಲ್ಲಿ ನಾನೂ ಒಬ್ಬ. ಕಿಟಕಿ ಪಕ್ಕ ಕೂತ ನನ್ನ ಅತ್ತಿಗೆ ಊಟಕ್ಕೆ ಬಿಟ್ಟರೆ ಏಳಲೇ ಇಲ್ಲ. ನೀರೂ ಕುಡಿಯಲಿಲ್ಲ. ಕುಡಿದರೆ ಹೋಗುವುದು ಎಲ್ಲಿಗೆ? ಗಂಡಸರಿಗೆ ಒಂದು ಮರದ ಮರೆ ಸಾಕು. ಹೆಂಗಸರ ಪಾಡು ಕೇಳಿದವರಿಲ್ಲ.

ಊರು ಮುಟ್ಟುವಾಗ ನನ್ನ ಎರಡೂ ಪಾದ ಚಪ್ಪಲಿಗೆ ಹೋಗದಷ್ಟು ಬಾತಿದ್ದವು. ಕಾಲು ಎತ್ತರಕ್ಕಿಟ್ಟು ಮಲಗಿದೆ, ಬೆಳಗಾಗುವಾಗ ಇಳಿದಿತ್ತು. ಅತ್ತಿಗೆಗೆ ಬಾತದ್ದು ಎಡಗಾಲು ಮಾತ್ರ. ಮೀನಖಂಡ ಬಿಗಿದಿತ್ತು, ಮುಟ್ಟಿದರೆ ಬಿಸಿ, ನೋವು. "ಎಂತದ್ದೂ ಇಲ್ಲ, ಉಳುಕಿದ್ದು" ಎಂದು ಎಣ್ಣೆ ಬಿಸಿಮಾಡಿ ಎರಡು ದಿನ ತಿಕ್ಕಿದ್ದಾಯಿತು. ಮೂರನೇ ದಿನ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ತಿಕ್ಕಿದ್ದು ಕೇಳಿ ಸರಿಯಾಗಿ ಬೈದರು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯವಂತೆ. ಇಂಜೆಕ್ಷನ್, ಆಮೇಲೆ ಮೂರು ತಿಂಗಳು ಮಾತ್ರೆ. ಈಗ ಆರಾಮ ಇದ್ದಾರೆ.

"ಅದು ವಿಮಾನದಲ್ಲಿ ಹೋಗುವವರ ಕಾಯಿಲೆ, ಮೈಮುರಿದು ದುಡಿಯುವ ನಮಗೆಂತದ್ದು?" ಎಂದರು ನಮ್ಮಲ್ಲೊಬ್ಬರು. ನಾನು ಒಪ್ಪುವುದಿಲ್ಲ. 1940ರಲ್ಲಿ ಲಂಡನ್ನಿಗೆ ಬಾಂಬು ಬೀಳುತ್ತಿದ್ದಾಗ ಜನ ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಕುರ್ಚಿಯಲ್ಲೇ ಕೂತು ಕಳೆಯುತ್ತಿದ್ದರು. ಅಂಥವರಲ್ಲಿ ಕೆಲವರು ಹೀಗೇ ಹೆಪ್ಪು ಸಿಕ್ಕಿ ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಅದೇ ವರ್ಷ ಬರೆದಿಟ್ಟಿದ್ದಾರೆ. ಅವರು ಯಾವ ವಾಹನವನ್ನೂ ಹತ್ತಿದವರಲ್ಲ, ಕೂತವರು ಅಷ್ಟೇ.

ನಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಕಾಲಿನ ರಕ್ತ ಮೇಲೆತ್ತುವ ಪಂಪು ಮೀನಖಂಡ. ನಡೆಯುವಾಗ ಅದು ನಾಳವನ್ನು ಹಿಂಡುತ್ತದೆ. ಏರಿದ ರಕ್ತ ಕೆಳಗಿಳಿಯದಂತೆ ನಾಳದೊಳಗೆ ನಮ್ಮ ಫುಟ್‌ವಾಲ್ವಿನ ಹಾಗಿನ ಕವಾಟಗಳಿವೆ. ವರ್ಷವಿಡೀ ದುಡಿದ ಕಾಲಾದರೂ ಹತ್ತು ಗಂಟೆ ಇಳಿಬಿಟ್ಟು ಕೂತರೆ ಪಂಪು ಬಂದ್.

ಹಾಗಂತ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ, ಬಸ್ಸಾಗಲಿ ರೈಲಾಗಲಿ, ಅಪಾಯ ಸುಮಾರು ಇಮ್ಮಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಇಮ್ಮಡಿಯಾದರೂ ಅಷ್ಟು ಹೊತ್ತು ವಿಮಾನದಲ್ಲಿ ಹೋಗುವ ಆರೋಗ್ಯವಂತರಲ್ಲಿ ಸುಮಾರು 6000ಕ್ಕೆ ಒಬ್ಬರು. ಈಚೆಗೆ ಆಪರೇಷನ್ ಆದವರು, ಗರ್ಭಿಣಿ ಬಾಣಂತಿಯರು, ಹಿಂದೊಮ್ಮೆ ಹೆಪ್ಪುಗಟ್ಟಿದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೊರಡಬೇಕು. ಒಂದೇ ಕಾಲು ಬಾತು ನೋಯುತ್ತಿದ್ದರೆ ತಿಕ್ಕಬೇಡಿ, ಅಂದೇ ತೋರಿಸಿ. ಉಸಿರು ಕಟ್ಟಿದರೆ, ಎದೆನೋವು ಬಂದರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಹೋಗಿ.

ಪ್ರವಾಸ ಏರ್ಪಡಿಸುವವರಲ್ಲಿ ನನ್ನ ತಕರಾರು ಇಷ್ಟೇ. ಎರಡು ಗಂಟೆಗೊಮ್ಮೆ, ಹೆಂಗಸರಿಗೂ ಶೌಚಾಲಯ ಇರುವಲ್ಲಿ ಬಸ್ಸು ನಿಲ್ಲಬೇಕು. ಒಂದು ತೋಟ ಕಡಿಮೆ ನೋಡಿದರೂ ಅಡ್ಡಿಯಿಲ್ಲ. ಬರುವ ತಿಂಗಳು ನಮ್ಮವರು ಮತ್ತೆ ಹೊರಟಿದ್ದಾರೆ. ಈ ಸಲ ನಿಲುಗಡೆಗಳ ಪಟ್ಟಿಯನ್ನೇ ಮೊದಲು ಬರೆದದ್ದು. ಡಾಕ್ಟರು ಒಪ್ಪಿದರೆ ಅತ್ತಿಗೆಯೂ ಬರುತ್ತಾರೆ, ಕಿಟಕಿ ಪಕ್ಕ ಬೇಡವಂತೆ.