ಹಸಿರನ್ನು ಎಲ್ಲಿ ಅಳೆಯಬೇಕು?

ಮಾಜಿವಾಡಾದಲ್ಲಿ ನೆಲೆಸಿರುವ ನಮಗೆ ಡೊಂಬಿವಲಿ ನೆರೆಯೂರು. ಅಲ್ಲಿ 2014ರಲ್ಲಿ ಹಸಿರು ಬಣ್ಣದ ಮಳೆ ಸುರಿಯಿತು. 2020ರಲ್ಲಿ ಕೈಗಾರಿಕಾ ವಲಯದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರಲ್ಲಿಯೇ ಆ ವಲಯಕ್ಕೆ 78.41 ಅಂಕ ನೀಡಿತ್ತು. 70 ದಾಟಿದರೆ ಸ್ಥಿತಿ ಗಂಭೀರವೆಂದು ಅರ್ಥ.

ಕಾರ್ಖಾನೆಗಳು ಹೆಮ್ಮೆಯಿಂದ ತೋರಿಸುವ ಐಎಸ್‌ಒ 14001 ಪ್ರಮಾಣಪತ್ರವು ನಿರ್ವಹಣಾ ವ್ಯವಸ್ಥೆಯನ್ನು ಪರಿಶೀಲಿಸುತ್ತದೆ. ತ್ಯಾಜ್ಯಕ್ಕೆ ತಾನೇ ಮಿತಿ ವಿಧಿಸುವುದಿಲ್ಲ. ಟನ್ನಿಗೆ ಇಷ್ಟು ತ್ಯಾಜ್ಯ ತಗ್ಗಿತೆಂಬ ಲೆಕ್ಕವೂ ಸಾಲದು. ತಗ್ಗಿದ್ದು ಕಾಲುಭಾಗ, ಉತ್ಪಾದನೆ ಇಮ್ಮಡಿ ಎಂದಾದರೆ ನದಿಗೆ ಸೇರುವುದು ಮೊದಲಿನ ಒಂದೂವರೆ ಪಟ್ಟು.

ಆದ್ದರಿಂದ ನಮ್ಮ ಒತ್ತಾಯ ಇಷ್ಟೆ: ಪ್ರತಿ ಕಾರ್ಖಾನೆಯೂ ತಾನು ಹೊರಬಿಟ್ಟ ತ್ಯಾಜ್ಯದ ಒಟ್ಟು ಮೊತ್ತವನ್ನು ತಿಂಗಳಿಗೊಮ್ಮೆ ಗೇಟಿನ ಮುಂದೆ ಮರಾಠಿಯಲ್ಲಿ ಬರೆದು ಹಾಕಲಿ. ಆ ಗಾಳಿಯನ್ನು ಉಸಿರಾಡುವವರು ಅದನ್ನು ಓದಲಿ.