ಬೆಳೆದವನ ಕೈಯಿಂದ

ಕಿತ್ತಳೆಗೆ ನಮ್ಮ ಕಡೆ ಸಂತ್ರಾ ಎಂದು ಹೆಸರು. ಚಿಕ್ಕೋಡಿಯಲ್ಲಾಗಲಿ ನಿಪ್ಪಾಣಿಯಲ್ಲಾಗಲಿ ಹಣ್ಣಿನ ಗಾಡಿಯ ಮುಂದೆ ನಿಂತು, "ಯಾವ ಊರಿನ ಮಾಲಪ್ಪಾ ಇದು?" ಎಂದು ಕೇಳಿದರೆ, "ನಾಗಪುರದ್ದರೀ" ಎಂಬ ಒಂದೇ ಉತ್ತರ ಬರುತ್ತದೆ. ನಾಗಪುರವೆಂಬುದು ಪಟ್ಟಣದ ಹೆಸರೇ ಹೊರತು ತೋಟದ ಹೆಸರಲ್ಲ. ಗಿಡವನ್ನು ನೆಟ್ಟವರು ಯಾರು, ನೀರೆರೆದವರು ಯಾರು, ಹಣ್ಣನ್ನು ಕೊಯ್ದುದು ಎಂದು ಎಂಬುದು ಮಾರುವವನಿಗೂ ತಿಳಿಯದು, ಕೊಳ್ಳುವ ನಮಗೂ ತಿಳಿಯದು. ಕೈಯಿಂದ ಕೈಗೆ ದಾಟುತ್ತ ನೂರಾರು ಕಿಲೋಮೀಟರು ನಡೆದು ಬರುವಷ್ಟರಲ್ಲಿ ಹಣ್ಣು ತನ್ನ ಒಡೆಯನ ಹೆಸರನ್ನು ದಾರಿಯಲ್ಲೆಲ್ಲೋ ಕಳೆದುಕೊಂಡಿರುತ್ತದೆ.

ಈಚಿನ ವರ್ಷಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ಬೆಳೆಗಾರನೇ ಹಣ್ಣನ್ನು ಕೊಯ್ದು, ಪೆಟ್ಟಿಗೆಯಲ್ಲಿ ತುಂಬಿ, ಕೊಳ್ಳುವವನ ಮನೆಗೆ ನೇರವಾಗಿ ಕಳುಹಿಸುವ ದಾರಿ ಅದು. ದಲಾಲನಿಲ್ಲ, ಲಿಲಾವಿಲ್ಲ, ಅಂಗಡಿಯಿಲ್ಲ. ಕೊಳ್ಳುವವನಿಗೆ ತಾಜಾ ಹಣ್ಣು, ಬೆಳೆದವನಿಗೆ ನ್ಯಾಯವಾದ ಬೆಲೆ ಎಂದು ಇದನ್ನು ಹೊಗಳುವವರು ಹೇಳುತ್ತಾರೆ. ಹೊಗಳಿಕೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಅರ್ಧ ಮಾತು. ಉಳಿದ ಅರ್ಧವು ಕೊಳ್ಳುವವರಾದ ನಮಗೆ ಸೇರಿದ್ದು. ಅದನ್ನು ಈ ಪುಟದ ಓದುಗರ ಮುಂದೆ ಇಡಬೇಕೆಂಬುದೇ ನನ್ನ ಉದ್ದೇಶ.

ಮೊದಲು ಹಣ್ಣಿನ ಸ್ವಭಾವವನ್ನು ನೋಡೋಣ. ಮಾವನ್ನು ಕಾಯಿಯಾಗಿರುವಾಗಲೇ ಇಳಿಸಿ ಹುಲ್ಲಿನಲ್ಲಿ ಹಾಕಿದರೆ ಅದು ನಾಲ್ಕಾರು ದಿನಗಳಲ್ಲಿ ಹಣ್ಣಾಗುತ್ತದೆ, ಬಾಳೆಯೂ ಹಾಗೆಯೇ. ಕಿತ್ತಳೆ ಮತ್ತು ದ್ರಾಕ್ಷಿಗಳ ಜಾತಿಯೇ ಬೇರೆ. ಗಿಡದ ಮೇಲೆ ಎಷ್ಟು ಸಿಹಿಯಾದವೋ ಅಷ್ಟೇ. ಕೊಯ್ದ ಮೇಲೆ ಅವುಗಳಿಗೆ ಕೂಡುವುದು ಏನೂ ಇಲ್ಲ, ಕಳೆಯುವುದೇ ಎಲ್ಲ. ಮಂಡಿಯಲ್ಲಿ ಕಳೆಯುವ ದಿನಗಳು ಮಾವಿಗೆ ಉಪಕಾರವನ್ನಾದರೂ ಮಾಡಿಯಾವು; ಕಿತ್ತಳೆಗೆ ಅವು ಕೇವಲ ನಷ್ಟ. ಆದುದರಿಂದ ತೋಟಕ್ಕೂ ತಟ್ಟೆಗೂ ನಡುವಣ ದಾರಿ ಕಿರಿದಾದಷ್ಟೂ ಈ ಹಣ್ಣುಗಳಿಗೆ ಒಳ್ಳೆಯದು.

ಬಣ್ಣದ ಮಾತು ಇನ್ನೂ ವಿಚಿತ್ರವಾದುದು. ಕಿತ್ತಳೆಯ ಸಿಪ್ಪೆಗೆ ಕೆಂಬಣ್ಣ ಏರಲು ರಾತ್ರಿಯ ತಂಪು ಬೇಕು. ತಂಪು ಸಾಲದ ಕಡೆ ಒಳಗಿನ ತೊಳೆ ಪಕ್ವವಾಗಿದ್ದರೂ ಸಿಪ್ಪೆ ಹಸಿರಾಗಿಯೇ ಉಳಿಯಬಹುದು. ಕೊಡಗಿನ ಕಿತ್ತಳೆಯೂ ಎಷ್ಟೋ ವೇಳೆ ಹಸಿರು ಬೆರೆತ ಹಳದಿಯಲ್ಲಿಯೇ ಮಾಗಿರುತ್ತದೆ. ಆದರೆ ಪೇಟೆಗೆ ಬೇಕಾದುದು ಕಣ್ಣಿಗೆ ಹಬ್ಬ. ಅದಕ್ಕಾಗಿ ಕೊಯ್ದ ಹಣ್ಣಿಗೆ ಇಥಿಲಿನ್ ಅನಿಲ ಕೊಟ್ಟು ಹಸಿರನ್ನು ಕಳೆಯುವುದುಂಟು, ಮೇಣ ಸವರಿ ಹೊಳಪು ಕೊಡುವುದುಂಟು. ಸಿಪ್ಪೆಯ ಬಣ್ಣವನ್ನು ಬದಲಿಸಬಹುದು; ಒಳಗಿನ ರುಚಿಯನ್ನಲ್ಲ.

ಕಿತ್ತಳೆ ದೂರದ ಹಣ್ಣು, ಅದರ ಚಿಂತೆ ನಮಗೇಕೆ ಎನ್ನುವವರು ಅಥಣಿ, ಕಾಗವಾಡಗಳ ಕಡೆಗೊಮ್ಮೆ ಹೋಗಿ ಬರಬೇಕು. ಅಲ್ಲಿಯ ದ್ರಾಕ್ಷಿ ತೋಟಗಳು ನಮ್ಮವೇ. ಏಪ್ರಿಲ್ ಸುಮಾರಿಗೆ ಒಂದು ಸಲ, ಅಕ್ಟೋಬರ್ ಸುಮಾರಿಗೆ ಇನ್ನೊಂದು ಸಲ ಬಳ್ಳಿಯನ್ನು ಸವರುತ್ತಾರೆ; ಎರಡನೆಯ ಸವರುವಿಕೆಯ ಫಲ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೈಗೆ ಬರುತ್ತದೆ. ಬಹುಪಾಲು ಹಣ್ಣನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಚಪ್ಪರದ ಕೆಳಗೆ ಹಂತಹಂತವಾಗಿ ಕಟ್ಟಿದ ಬಲೆಗಳ ಮೇಲೆ ಎರಡು ವಾರದಷ್ಟು ಕಾಲ ಒಣಗಿಸುತ್ತಾರೆ. ಸುಮಾರು 4 ಕಿಲೋ ಹಸಿ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಆ ಎರಡು ವಾರಗಳಲ್ಲಿ ಅಕಾಲದ ಮಳೆಯೊಂದು ಬಂದರೆ ಹಣ್ಣು ಕಪ್ಪಿಟ್ಟು ವರ್ಷದ ದುಡಿಮೆಯ ಬೆಲೆ ಇಳಿಯುತ್ತದೆ. ಒಣಗಿದ ಮಾಲು ಸಾಂಗಲಿ, ತಾಸಗಾಂವಗಳ ಲಿಲಾವಿಗೆ ಹೋಗುತ್ತದೆ. ಶೀತಲಗೃಹಗಳೂ ದೊಡ್ಡ ವ್ಯಾಪಾರಿಗಳೂ ಇರುವುದು ಅಲ್ಲಿ. ಅಲ್ಲಿಂದ ಹೊರಟ ಮೇಲೆ ಅದರ ಮೇಲೆ ಅಥಣಿಯ ಹೆಸರು ಉಳಿಯುವುದು ಅಪರೂಪ. ನಮ್ಮ ನೆರೆಯ ಬಳ್ಳಿಯಲ್ಲಿ ಬಿಟ್ಟ ಹಣ್ಣು ಗಡಿಯಾಚೆಯ ಪೇಟೆಯನ್ನು ಸುತ್ತಿ ಬಂದು, ರಾಯಬಾಗದ ಅಂಗಡಿಯಲ್ಲಿ ಅನಾಮಧೇಯವಾಗಿ ನಮ್ಮ ಪಾಯಸಕ್ಕೆ ಬೀಳುತ್ತದೆ!

ಹೆಸರು ಕಳೆದುಕೊಳ್ಳುವ ದುಃಖ ಈ ನಾಡಿಗೆ ಹೊಸದಲ್ಲ. ಅಥಣಿ, ನಿಪ್ಪಾಣಿಗಳ ಚಮ್ಮಾರರು ತಲೆತಲಾಂತರದಿಂದ ಹೊಲಿದ ಚಪ್ಪಲಿ ಲೋಕದಲ್ಲಿ ಕೊಲ್ಲಾಪುರಿ ಎಂದೇ ಪ್ರಸಿದ್ಧವಾಯಿತು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿ ಕರ್ನಾಟಕದ 4 ಜಿಲ್ಲೆಗಳಿಗೆ ಹಕ್ಕು ಸಿಕ್ಕಿತು. ಹಕ್ಕು ಸಿಕ್ಕಿತಾದರೂ ಹೆಸರು ಹಳೆಯದೇ. ವಸ್ತುವನ್ನು ಮಾಡಿದವನಿಗಿಂತ ಮಾರಿದ ಪೇಟೆಗೇ ಕೀರ್ತಿ ಎಂಬುದು ವ್ಯಾಪಾರದ ಹಳೆಯ ನಿಯಮ.

ಹಾಗಾದರೆ ದಲಾಲನನ್ನು ಕಿತ್ತುಹಾಕಿದರೆ ಎಲ್ಲವೂ ಸರಿಹೋಯಿತೆ? ಇಲ್ಲಿಯೇ ನಾನು ಒಂದು ಕ್ಷಣ ನಿಲ್ಲುತ್ತೇನೆ. ದಲಾಲನನ್ನು ಬೈಯುವುದು ಸುಲಭ. ಅವನು ಮಾಡುವ ಕೆಲಸವನ್ನು ಲೆಕ್ಕ ಹಾಕುವುದು ಕಷ್ಟ. ಬೆಳೆಗಾರನಿಗೆ ಗೊಬ್ಬರ, ಔಷಧಿಗಳಿಗೆ ಹಣ ಬೇಕಾದಾಗ ಮುಂಗಡ ಕೊಡುವವನು ಅವನು. ದೊಡ್ಡದು ಸಣ್ಣದೆನ್ನದೆ ರಾಶಿಯನ್ನೆಲ್ಲ ಎತ್ತಿಕೊಳ್ಳುವವನು ಅವನು. ಇದಕ್ಕೆ ಪ್ರತಿಯಾಗಿ ಅವನು ಬೆಲೆಯಲ್ಲಿ ಕಡಿಯುತ್ತಾನೆ, ತೂಕದಲ್ಲಿ ಕಡಿಯುತ್ತಾನೆ, ಕೆಲವು ಸಲ ಮಾಲನ್ನೊಯ್ದು ಹಣವನ್ನು ಮರೆಯುತ್ತಾನೆ. ಆದರೂ ಬೆಳೆಗಾರ ಮತ್ತೆ ಅವನ ಬಾಗಿಲಿಗೇ ಹೋಗುತ್ತಾನೆ. ಏಕೆ? ಆ ಮೂರು ಕೆಲಸಗಳನ್ನು, ಅಂದರೆ ಮುಂಗಡ ಕೊಡುವುದನ್ನು, ಎಲ್ಲವನ್ನೂ ಕೊಳ್ಳುವುದನ್ನು, ಹಾನಿಯ ಒಂದಂಶವನ್ನು ಹೊರುವುದನ್ನು, ನಮ್ಮಲ್ಲಿ ಬೇರಾರೂ ಮಾಡಲು ಸಿದ್ಧರಿಲ್ಲದ ಕಾರಣ.

ನೇರವಾಗಿ ಕೊಳ್ಳುವ ನಾವಾದರೂ ಏನು ಮಾಡುತ್ತೇವೆ? ಕಳೆದೊಂದು ಚಳಿಗಾಲದಲ್ಲಿ ನಾವು ನಾಲ್ಕಾರು ಮಂದಿ ಸ್ನೇಹಿತರು ಕೂಡಿ ಒಬ್ಬ ಬೆಳೆಗಾರರಿಂದ ಕಿತ್ತಳೆಯ ಪೆಟ್ಟಿಗೆಗಳನ್ನು ತರಿಸಿದೆವು. ಹಣ್ಣು ಜೇನಿನಂತಿತ್ತು. ಆದರೆ ಮುಚ್ಚಳ ತೆಗೆದೊಡನೆ ಕೇಳಿಬಂದ ಮೊದಲ ಮಾತು ರುಚಿಯದಲ್ಲ: "ಇದರ ಮೈಮೇಲೆ ಕಲೆ ಇವೆಯಲ್ಲರೀ!" ಎರಡನೆಯ ಮಾತು: "ಎಲ್ಲಾ ಒಂದೇ ಅಳತೆಯವಿಲ್ಲ." ಮೂರನೆಯದು: "ಗಾಡಿಯವನ ಹತ್ತಿರ ಇದಕ್ಕಿಂತ ಸೋವಿ ಇದ್ದವು." ಕಲೆಯಿಲ್ಲದ, ಒಂದೇ ಅಳತೆಯ, ಸೋವಿಯಾದ ಹಣ್ಣನ್ನು ಬಯಸುವುದು ತಪ್ಪಲ್ಲ, ಆದರೆ ಹಾಗೆ ಬಯಸಿದ ಮೇಲೆ ನಾವೂ ಒಂದು ಬಗೆಯ ದಲಾಲರೇ. ಮುಂಗಡವನ್ನೂ ಕೊಡದ, ರಾಶಿಯನ್ನೂ ಎತ್ತದ, ಆರಿಸಿ ಆರಿಸಿ ಮೇಲಿನ ನಾಲ್ಕನ್ನು ಮಾತ್ರ ಒಯ್ಯುವ ದಲಾಲರು! ಉಳಿದ ಹಣ್ಣನ್ನು ಹೊತ್ತುಕೊಂಡು ಬೆಳೆಗಾರ ಮತ್ತೆ ಅದೇ ಮಂಡಿಗೆ ಹೋಗಬೇಕು.

ಈ ಒಗಟನ್ನು ಬಿಡಿಸಲು ಹಿಂದೆಯೂ ಯತ್ನಗಳು ನಡೆದಿವೆ. 1959ರಲ್ಲಿ ಬೆಂಗಳೂರಿನ ಸುತ್ತಣ ದ್ರಾಕ್ಷಿ ಬೆಳೆಗಾರರು ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ ಒಂದು ಸಹಕಾರ ಸಂಘವನ್ನು ಕಟ್ಟಿದರು. ಅದೇ ಮುಂದೆ ತರಕಾರಿ, ಹಣ್ಣುಗಳನ್ನೆಲ್ಲ ಒಳಗೊಂಡು ಹಾಪ್‌ಕಾಮ್ಸ್ ಎಂದು ಹೆಸರಾಯಿತು. 2020ರ ಮಾರ್ಚಿನಲ್ಲಿ ಇಡೀ ದೇಶಕ್ಕೆ ಬೀಗ ಬಿದ್ದಾಗ ದ್ರಾಕ್ಷಿ ಬಳ್ಳಿಯಲ್ಲಿತ್ತು, ವ್ಯಾಪಾರಿ ಮನೆಯಲ್ಲಿದ್ದ. ಆಗ ಅನೇಕ ಬೆಳೆಗಾರರು ದೂರವಾಣಿಯ ಸಂದೇಶಗಳ ಮೂಲಕ ನೇರವಾಗಿ ಮನೆಗಳಿಗೆ ಹಣ್ಣನ್ನು ಮುಟ್ಟಿಸಿದರು. ಅದೇ ವರ್ಷ ಅಂಚೆ ಇಲಾಖೆಯವರು ಬೆಂಗಳೂರಿನ ಮನೆಗಳಿಗೆ ರೈತರ ಮಾವಿನ ಪೆಟ್ಟಿಗೆಗಳನ್ನು ಹೊತ್ತರು. ಆಪತ್ತು ಕಳೆಯಿತು, ಕೊಂಡವರಲ್ಲಿ ಬಹಳ ಮಂದಿ ಮತ್ತೆ ತಮ್ಮ ತಮ್ಮ ಅಂಗಡಿಗಳಿಗೆ ಮರಳಿದರು.

ಕಿತ್ತಳೆಯ ನಾಡಾದ ಸ್ಪೇನಿನ ವಲೆನ್ಸಿಯಾದಿಂದ ಇದಕ್ಕಿಂತ ಗಟ್ಟಿಯಾದ ಒಂದು ಪಾಠ ಬಂದಿದೆ. ಅಲ್ಲಿ ಇಬ್ಬರು ಸೋದರರು 2010ರಲ್ಲಿ ಅಜ್ಜನ ಪಾಳು ತೋಟವನ್ನು ಮತ್ತೆ ಎಬ್ಬಿಸಿ, ಹಣ್ಣನ್ನು ಮನೆಗಳಿಗೆ ನೇರವಾಗಿ ಕಳುಹಿಸತೊಡಗಿದರು. ಬಳಿಕ ಅವರು ಕಂಡುಕೊಂಡ ಉಪಾಯವೆಂದರೆ ಮರವನ್ನೇ ದತ್ತು ಕೊಡುವುದು. ಕೊಳ್ಳುವವನು ಹಣ್ಣಿಗಾಗಿ ಅಲ್ಲ, ಒಂದು ಮರದ ವರ್ಷದ ಆರೈಕೆಗಾಗಿ ಮೊದಲೇ ಹಣ ಕೊಡುತ್ತಾನೆ. ಮರದ ಫಲ ಅವನಿಗೆ ಸಲ್ಲುತ್ತದೆ. ಎಷ್ಟು ಬೆಳೆಯಬೇಕು, ಯಾರಿಗಾಗಿ ಬೆಳೆಯಬೇಕು ಎಂಬುದು ಬೆಳೆಗಾರನಿಗೆ ಹೂ ಬಿಡುವ ಮೊದಲೇ ತಿಳಿದಿರುತ್ತದೆ. ದಲಾಲನ ಮುಂಗಡದ ಜಾಗದಲ್ಲಿ ಉಣ್ಣುವವನ ಮುಂಗಡ ಬಂದು ಕೂತಿದೆ.

ಇದನ್ನು ಇಲ್ಲಿ ಮಾಡಲು ಪರದೇಶದ ಯಂತ್ರಗಳೇನೂ ಬೇಕಾಗಿಲ್ಲ. ರಾಯಬಾಗದ ಒಂದು ಶಾಲೆಯ 10 ಮಂದಿ ಅಧ್ಯಾಪಕರು ಕೂಡಿ, ಅಕ್ಟೋಬರಿನಲ್ಲಿ ಬಳ್ಳಿ ಸವರುವ ಹೊತ್ತಿಗೆ ಕಾಗವಾಡದ ಕಡೆಯ ಒಬ್ಬ ಬೆಳೆಗಾರನೊಡನೆ ಮಾತಾಡಲಿ. ಮನೆಗೆ ಇಷ್ಟು ಹಸಿ ಹಣ್ಣು, ಇಷ್ಟು ಒಣದ್ರಾಕ್ಷಿ ಎಂದು ಗೊತ್ತುಮಾಡಿ, ಅರ್ಧ ಬೆಲೆಯನ್ನು ಆಗಲೇ ಕೊಡಲಿ. ಮಳೆ ಬಂದು ಬಣ್ಣ ಕೆಟ್ಟರೆ, ತಿನ್ನಲು ಯೋಗ್ಯವಾದುದನ್ನು ಮುಖ ಗಂಟಿಕ್ಕದೆ ಒಯ್ಯಲಿ. ಬೆಳೆಗಾರನೂ ತನ್ನ ಪಾಲಿಗೆ ಯಾವ ಔಷಧಿಯನ್ನು ಎಂದು ಸಿಂಪಡಿಸಿದೆನೆಂಬುದನ್ನು ಮುಚ್ಚದೆ ಹೇಳಲಿ, ಪೆಟ್ಟಿಗೆಯ ಮೇಲೆ ತನ್ನ ಹೆಸರನ್ನೂ ಊರನ್ನೂ ಬರೆಯಲಿ. ಹೆಸರು ಬರೆದವನು ಕೆಟ್ಟ ಮಾಲನ್ನು ತಳದಲ್ಲಿ ಇಡಲು ಹೆದರುತ್ತಾನೆ. ಹೆಸರು ಓದಿದವನು ಸುಮ್ಮನೆ ದೂರಲು ನಾಚುತ್ತಾನೆ.

ಇದರಿಂದ ಮಂಡಿಗಳು ಮುಚ್ಚಲಾರವು, ಮುಚ್ಚಬೇಕಾಗಿಯೂ ಇಲ್ಲ. ಸಾವಿರಾರು ಮಣದ ಬೆಳೆಯನ್ನು 10 ಮನೆಗಳು ಉಣ್ಣಲಾರವು. ಆದರೆ ಪೇಟೆಯ ಬೆಲೆ ಬಿದ್ದ ದಿನ ಬೆಳೆಗಾರನಿಗೆ ಹೋಗಲು ಇನ್ನೊಂದು ಬಾಗಿಲಿದ್ದರೆ ದಲಾಲನ ಮುಂದೆ ಅವನ ಮಾತಿಗೆ ಬಲ ಬರುತ್ತದೆ. ಸಣ್ಣ ಬಾಗಿಲಾದರೂ ಬಾಗಿಲೇ.

ನಾವು ರೈತನನ್ನು ಅನ್ನದಾತನೆಂದು ಭಾಷಣಗಳಲ್ಲಿ ಕರೆಯುತ್ತೇವೆ. ಅವನ ಹಣ್ಣಿನ ಮೇಲಿನ ಒಂದು ಕಲೆಯನ್ನು ಮಾತ್ರ ಸಹಿಸೆವು. ಬೆಳೆದವನಿಂದಲೇ ಕೊಳ್ಳುವುದೆಂದರೆ ನಡುವಿನವನ ಲಾಭವನ್ನು ಹಂಚಿಕೊಳ್ಳುವುದಷ್ಟೇ ಅಲ್ಲ, ಅವನು ಹೊರುತ್ತಿದ್ದ ಹೊರೆಯಲ್ಲಿಯೂ ಪಾಲು ತೆಗೆದುಕೊಳ್ಳುವುದು. ಆ ಪಾಲನ್ನು ಒಪ್ಪದವರಿಗೆ ಗಾಡಿಯ ಹಣ್ಣೇ ಸರಿ. ಒಪ್ಪುವವರಿಗಾದರೋ, ಬಳ್ಳಿ ಸವರುವ ಕಾಲ ಪ್ರತಿ ವರ್ಷವೂ ಬರುತ್ತದೆ.