ಮೂಟೆ ಹೊತ್ತವನೇ ಸಿಕ್ಕಿಬೀಳುತ್ತಾನೆ



ಬ್ರಹ್ಮಸಮುದ್ರ, ಕಲ್ಯಾಣದುರ್ಗದ ಸೀಮೆಯಲ್ಲಿ ಮಳೆ ಕೈಕೊಟ್ಟು ಶೇಂಗಾ ಒಣಗಿದ ವರುಷ ಮನೆಯ ಗಂಡುಮಕ್ಕಳು ಕೂಲಿಗೆಂದು ಬಸ್ಸು ಹತ್ತುವುದು ಹೊಸದಲ್ಲ. ಹೀಗೆ ಹೊರಟವನ ಕೈಗೆ ಒಬ್ಬನು ಚೀಲ ಕೊಟ್ಟು, "ಇಂಥ ಊರಿನಲ್ಲಿ ಇಂಥವರಿಗೆ ಮುಟ್ಟಿಸು, ಬಸ್ ಚಾರ್ಜು ಕಳೆದು ಇಷ್ಟು ಕೊಡುತ್ತೇವೆ" ಅಂದರೆ, ವಾರದ ಕೂಲಿ ಒಂದೇ ದಿನಕ್ಕೆ ಬಂತೆಂದು ಹುಡುಗನು ಒಪ್ಪಿಬಿಡುತ್ತಾನೆ. ಚೀಲದ ಯಜಮಾನನು ಆ ಬಸ್ಸಿನಲ್ಲಿ ಎಂದೂ ಇರುವುದಿಲ್ಲ.

ಕಾಯಿದೆ ಏನು ಹೇಳುತ್ತದೆಂದು ನಮ್ಮ ಲೈನು ಮನೆಗಳಲ್ಲಿ ತಿಳಿದವರು ಕಡಿಮೆ. 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಗಾಂಜಾ 1 ಕಿಲೋವರೆಗೆ ಇದ್ದರೆ ಒಂದು ವರ್ಷದವರೆಗೆ ಸಜೆ, ಇಲ್ಲವೆ ದಂಡ, ಅಥವಾ ಎರಡೂ. ಅದಕ್ಕೂ ಹೆಚ್ಚಿದ್ದರೆ 10 ವರ್ಷದವರೆಗೆ. 20 ಕಿಲೋ ದಾಟಿತೋ, ಕಡಿಮೆಯೆಂದರೆ 10 ವರ್ಷ. ಜಾಮೀನೂ ಬಲು ಕಷ್ಟ. "ಚೀಲದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ" ಎಂದರೆ ಸಾಲದು, ಅದನ್ನು ಕೋರ್ಟಿನಲ್ಲಿ ರುಜುಪಡಿಸುವ ಹೊಣೆ ಅವನದೇ. ತೋಟದಲ್ಲಿ ಕಾಫಿ ಗಿಡಗಳ ಮಧ್ಯೆ "ಎರಡು ಗಿಡಕ್ಕೆ ನೀರು ಹಾಕು" ಎಂದು ಯಾರಾದರೂ ಹೇಳಿದರೂ ಎಚ್ಚರ. ಗಾಂಜಾ ಬೆಳೆಸಿದ್ದಕ್ಕೆ 10 ವರ್ಷದವರೆಗೆ ಸಜೆಯಿದೆ, ಗಿಡ ಎಷ್ಟೆಂದು ಕಾಯಿದೆ ಎಣಿಸುವುದಿಲ್ಲ.

ಈ ಕಾಯಿದೆ ಡೆಲ್ಲಿಯಲ್ಲಿ ತಾನಾಗಿ ಹುಟ್ಟಿದ್ದಲ್ಲ. 1961ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಲೋಕದ ದೇಶಗಳು ಮಾಡಿಕೊಂಡ ಒಪ್ಪಂದದ ಹಿಂದೆ ಹಿಂದೆ ಬಂದದ್ದು. 1988ರಲ್ಲಿ ವಿಯೆನ್ನಾದಲ್ಲಿ ಸಾಗಾಣಿಕೆಯ ವಿರುದ್ಧ ಇನ್ನೊಂದು ಒಪ್ಪಂದವಾಯಿತು. ಆದರೆ ಆ ಕಾಗದಗಳಲ್ಲಿ ಹಿಡಿಯುವ ಮಾತು ಒಂದೇ ಇಲ್ಲ. ಚಟಕ್ಕೆ ಬಿದ್ದವನಿಗೆ ಚಿಕಿತ್ಸೆ ಕೊಡಬೇಕು, ಅವನನ್ನು ಮತ್ತೆ ಸಮಾಜದೊಳಕ್ಕೆ ಸೇರಿಸಿಕೊಳ್ಳಬೇಕು, ಬೆಳೆಯುವ ಬಡವನಿಗೆ ಬೇರೆ ಜೀವನಮಾರ್ಗ ತೋರಿಸಬೇಕು ಎಂದೂ ಬರೆದಿದೆ. ನಮ್ಮ ಲೈನಿನ ತನಕ ಬಂದು ಮುಟ್ಟಿದ್ದು ಮಾತ್ರ ಮೊದಲನೆಯ ಅರ್ಧ. ನನ್ನ ತಕರಾರು ಇಷ್ಟೇ.

ಎರಡನೆಯ ಅರ್ಧ ಆಗದ ಮಾತೇನೂ ಅಲ್ಲ. ಥಾಯ್ಲೆಂಡಿನ ಡಾಯ್ ತುಂಗ್ ಬೆಟ್ಟದಲ್ಲಿ ಜನರು ಅಫೀಮು ಬೆಳೆದು ಬದುಕುತ್ತಿದ್ದರು. 1988ರಿಂದ ಅಲ್ಲಿ ಕಾಡು ಬೆಳೆಸುವ ಕೂಲಿ ಕೊಟ್ಟರು, ಚಟಕ್ಕೆ ಬಿದ್ದವರಿಗೆ ಚಿಕಿತ್ಸೆ ಮಾಡಿಸಿದರು, ಆಮೇಲೆ ಕಾಫಿ ಗಿಡ ಕೊಟ್ಟರು. ಹೌದು, ನಾವು ದಿನವೂ ಕೊಯ್ಯುವ ಅದೇ ಕಾಫಿ. ಆಂಧ್ರದಲ್ಲೇ ನೋಡಿರಿ. ಪಾಡೇರು, ಚಿಂತಪಲ್ಲಿ ಬೆಟ್ಟಗಳ ಗಿರಿಜನರು ಸಿಲ್ವರ್ ಓಕ್ ನೆರಳಲ್ಲಿ ಕಾಫಿ, ಮೆಣಸು ಬೆಳೆಯುತ್ತಾರೆ. 2019ರಲ್ಲಿ ಕೊಡಗು, ಚಿಕ್ಕಮಗಳೂರಿನ ಕಾಫಿಯ ಜೊತೆಯಲ್ಲೇ ಅರಕು ಕಾಫಿಗೂ ಊರ ಹೆಸರಿನ ಮುದ್ರೆ ಸಿಕ್ಕಿತು. ಅದೇ ಬೆಟ್ಟಗಳಲ್ಲಿ ಗಾಂಜಾವೂ ಬೆಳೆಯಿತು. 2022ರ ಫೆಬ್ರವರಿಯಲ್ಲಿ ಅನಕಾಪಲ್ಲಿಯ ಹತ್ತಿರ ಪೊಲೀಸರು ಸುಮಾರು 2 ಲಕ್ಷ ಕಿಲೋ ಸುಟ್ಟರು. ಸುಟ್ಟದ್ದು ಸರಿ. ಆದರೆ ಕಾಫಿಗೆ ಬೆಲೆ ಸಿಗದ ವರುಷ ದಳ್ಳಾಳಿ ಮುಂಗಡ ಹಿಡಿದು ತಿರುಗಿ ಬರುತ್ತಾನೆ. ಬೆಂಕಿಗೆ ಅವನು ಹೆದರುವುದಿಲ್ಲ. ರೈತನಿಗೆ ಒಳ್ಳೆಯ ಬೆಲೆ ಸಿಕ್ಕರೆ ಅವನಿಗೆ ಕೆಲಸವಿಲ್ಲ.

(ಗಾಂಜಾ ಗಾಂಜಾ ಎಂದು ಕೂಗುವಾಗ ಕುಡಿತವನ್ನು ಮರೆಯುವುದೂ ಬೇಡ. 2019ರಲ್ಲಿ ಪ್ರಕಟವಾದ ಸರಕಾರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಾಂಜಾ, ಭಂಗಿ ಸೇವಿಸುವವರು ಸುಮಾರು 3 ಕೋಟಿ, ಕುಡಿಯುವವರು 16 ಕೋಟಿ. ಸಾರಾಯಿಯನ್ನು ಆಂಧ್ರದಲ್ಲಿ 1993ರಲ್ಲಿ ನಿಲ್ಲಿಸಿದ್ದು ನೆಲ್ಲೂರಿನ ದೂಬಗುಂಟದಿಂದ ಎದ್ದ ಹೆಣ್ಣುಮಕ್ಕಳ ಹೋರಾಟ. ಕರ್ನಾಟಕದಲ್ಲಿ 2007ರಲ್ಲಿ ನಿಂತಿತು. ಕುಡಿತ ನಿಂತಿತೇ? ಲೈನಿನ ತಾಯಂದಿರನ್ನು ಕೇಳಿರಿ.)

ಇನ್ನು ನಮ್ಮ ಸಭೆಯ ಮಾತು. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನು ಮೊದಲು ಗಾಯ ಕಟ್ಟಿದನು, ಛತ್ರಕ್ಕೆ ಹಣ ಕೊಟ್ಟನು. ಕಳ್ಳರನ್ನು ಹಿಡಿಯುವುದು ಬೇಡವೆಂದು ಇದರ ಅರ್ಥವಲ್ಲ, ಅದು ಪೊಲೀಸರ ಕೆಲಸ. ಚಟಕ್ಕೆ ಬಿದ್ದ ಮಗನನ್ನು ನಾಚಿಕೆಗೆ ಮುಚ್ಚಿಡುವ ಮನೆಗಳೂ, ಅವನ ತಾಯಿಯನ್ನು ಹಿಂದಿನ ಬೆಂಚಿಗೆ ತಳ್ಳುವ ಸಭೆಗಳೂ ನಮ್ಮಲ್ಲಿವೆ. ಅದೇ ಕಾಯಿದೆಯ 64ಎ ಕಲಮನ್ನು ಹಿರಿಯರು ಓದಿ ಹೇಳಲಿ. ಸೇದಿದ್ದಕ್ಕೋ, ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕೋ ಸಿಕ್ಕ ಚಟದವನು ತಾನಾಗಿ ಸರಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ ಅವನ ಮೇಲೆ ಕೇಸು ನಡೆಯುವುದಿಲ್ಲ. ದಾರಿ ಕೇಳಲು 14446ಕ್ಕೆ ಫೋನು ಮಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಆದರೆ ಚಿಕಿತ್ಸೆಗೆ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಲೈನು ಮನೆ ಹೋಗುತ್ತದೆ ಎಂಬ ಭಯವೇ ಎಷ್ಟೋ ಮಂದಿಯನ್ನು ತಡೆದು ನಿಲ್ಲಿಸಿದೆ. ಹೆಂಡತಿ ಮಕ್ಕಳು ಪಾತ್ರೆ ಪಗಡೆ ಹೊತ್ತು ಎಲ್ಲಿಗೆ ಹೋಗಬೇಕು? ಆದುದರಿಂದ ಯೂನಿಯನ್ನಿನಲ್ಲಿರುವ ನಮ್ಮ ಸಹೋದರರು ಬರುವ ಬೋನಸ್ ಮಾತುಕತೆಯಲ್ಲಿ ಇದನ್ನೂ ಸೇರಿಸಿ ಕೇಳಬೇಕು: ಆಸ್ಪತ್ರೆಗೆ ಸೇರಿದವನ ಮನೆಗೆ ಬೀಗ ಬೀಳಬಾರದು, ಡಾಕ್ಟರರ ಚೀಟಿ ತಂದ ದಿನ ಅವನ ಹೆಸರು ಮತ್ತೆ ಹಾಜರಿ ಪುಸ್ತಕಕ್ಕೆ ಏರಬೇಕು.